ಕೆಲಸದಲ್ಲಿ ಪೆಟ್ಟಾಯ್ತು, ಡಬ್ಲ್ಯುಎಸ್ಐಬಿಯವ್ರು ಸರಿಯಾಗಿ ನಡ್ಕೋತಿಲ್ಲ ಅನ್ಸಿದ್ರೆ ಏನ್ಮಾಡ್ಬೇಕು?

ಕೆನಡಾದ ಒಂಟಾರಿಯೋಗೆ ಹೊಸದಾಗಿ ಬಂದು ಬ್ರಾಂಪ್ಟನ್, ಮಿಸಿಸಾಗಾ ಕಡೆ ವೇರ್‌ಹೌಸ್, ಫ್ಯಾಕ್ಟರಿ ಕೆಲಸಕ್ಕೆ ಸೇರಿರೋ ನಮ್ಮೋರಿಗೆ ಸೊಂಟ ಹಿಡ್ಕೊಂಡ್ರೂ ಬೆರಳು ಜಜ್ಜಿದ್ರೂ ಹೇಳೋಕೆ ಭಯ, ಎಲ್ಲಿ ಶಿಫ್ಟ್ ಕಟ್ ಮಾಡ್ತಾರೋ ಅಂತ. ದಯವಿಟ್ಟು ಹೇಳಿ. ಕೆಲಸದಲ್ಲಿ ಪೆಟ್ಟಾದವ್ರಿಗೆ ಪರಿಹಾರ ಕೊಡೋ ಒಂಟಾರಿಯೋದ ಸರ್ಕಾರಿ ಸಂಸ್ಥೆ ಡಬ್ಲ್ಯುಎಸ್ಐಬಿ. ಅಲ್ಲಿ ತಪ್ಪು ಯಾರದು ಅಂತ ನೋಡಲ್ಲ, ವೀಸಾ ಯಾವುದು ಅಂತಾನೂ ನೋಡಲ್ಲ. 1914ರ ಕಾನೂನಿಂದ ಶುರುವಾದ ವ್ಯವಸ್ಥೆ ಇದು, ಕೆಲಸಗಾರರು ಮಾಲೀಕರ ಮೇಲೆ ಕೇಸ್ ಹಾಕೋ ಹಕ್ಕು ಬಿಟ್ಕೊಟ್ರು, ಬದಲಿಗೆ ಮಾಲೀಕರೆಲ್ಲ ಸೇರಿ ಕಟ್ಟೋ ದುಡ್ಡಿಂದ ಪರಿಹಾರ ಸಿಗತ್ತೆ. ಕ್ಲೇಮ್, ಅಂದ್ರೆ ಪರಿಹಾರದ ಅರ್ಜಿ, ಹಾಕ್ಬೇಡ ಅಂತ ಮಾಲೀಕರು ಒತ್ತಡ ಹಾಕೋದೇ ಕಾನೂನಿಗೆ ವಿರುದ್ಧ.

ಕ್ಲೇಮ್ ಹಾಕೋಕೆ ಡಬ್ಲ್ಯುಎಸ್ಐಬಿಯ ಫಾರ್ಮ್ 6 ತುಂಬ್ಬೇಕು, ಪೆಟ್ಟಾದ ಆರು ತಿಂಗಳೊಳಗೆ. ಕೆಲಸಕ್ಕೆ ಹೋಗಕ್ಕಾಗ್ದೆ ಸಂಬಳ ಹೋಯ್ತು ಅಂದ್ರೆ ಕೈಗೆ ಬರ್ತಿದ್ದ ಸಂಬಳದ 85% ಕೊಡ್ತಾರೆ. (ಸಾಫ್ಟ್‌ವೇರ್ ಕಂಪನಿ, ಬ್ಯಾಂಕುಗಳಿಗೆ ಡಬ್ಲ್ಯುಎಸ್ಐಬಿಗೆ ಸೇರೋದು ಕಡ್ಡಾಯ ಅಲ್ಲ, ಅಲ್ಲಿರೋರು ನಮ್ಗೆ ಇದು ಇದ್ಯಾ ಅಂತ ಎಚ್ಆರ್ ಹತ್ರ ಇವತ್ತೇ ಕೇಳಿ ಇಟ್ಕೊಳ್ಳಿ.)

ಈಗ ಮುಖ್ಯ ವಿಷಯ, ಯಾಕಂದ್ರೆ ಇಲ್ಲೇ ತುಂಬಾ ಜನ ಎಡವೋದು. ಕ್ಲೇಮ್ ಹಾಕಿದ್ಮೇಲೆ ಬರೋ ತೊಂದರೆ ಎರಡು ಥರ. ಕ್ಲೇಮ್ ಒಪ್ಪಲ್ಲ ಅಂದ್ರು, ದುಡ್ಡು ನಿಲ್ಸಿದ್ರು, ಇದು ನಿರ್ಧಾರ. ಫೋನ್ ಮಾಡಿ ವಾರಗಟ್ಟಲೆ ಆದ್ರೂ ಯಾರೂ ವಾಪಸ್ ಮಾಡಲ್ಲ, ಮಾತಲ್ಲಿ ಮರ್ಯಾದೆ ಇಲ್ಲ, ಕಾರಣ ಕೇಳಿದ್ರೆ ಹೇಳಲ್ಲ, ಇದು ನಡವಳಿಕೆ. ಎರಡಕ್ಕೂ ದಾರಿ ಬೇರೆ ಬೇರೆ.

ನಡವಳಿಕೆ ವಿಷಯ ಆದ್ರೆ ಮೊದ್ಲು ಡಬ್ಲ್ಯುಎಸ್ಐಬಿಯಲ್ಲಿ ನಿಮ್ಮ ಕ್ಲೇಮ್ ನೋಡ್ಕೊಳ್ಳೋ ಕೇಸ್ ಮ್ಯಾನೇಜರ್‌ಗೆ, ಆಮೇಲೆ ಅವ್ರ ಮೇಲಿನವ್ರಿಗೆ ಹೇಳಿ ನೋಡಿ, ಇಂಗ್ಲಿಷ್ ಕಷ್ಟ ಆದ್ರೆ ದುಭಾಷಿ ಬೇಕು ಅಂತ ಕೇಳಿ, ಅದಕ್ಕೆ ದುಡ್ಡು ಕೊಡ್ಬೇಕಿಲ್ಲ, ಸಂಕೋಚ ಬೇಡ. ಅಷ್ಟಾದ್ರೂ ಸರಿಹೋಗ್ಲಿಲ್ಲ ಅಂದ್ರೆ ಫೇರ್ ಪ್ರಾಕ್ಟೀಸಸ್ ಕಮಿಷನ್ ಅಂತಿದೆ, ಡಬ್ಲ್ಯುಎಸ್ಐಬಿ ಬಗ್ಗೆ ಬರೋ ದೂರು ಕೇಳೋಕೇ ಇರೋ ಸ್ವತಂತ್ರ ಆಫೀಸು. ಫ್ರೀ, ಗುಟ್ಟಾಗಿ ಇಡ್ತಾರೆ, ಯಾರ ಪಕ್ಷಾನೂ ವಹಿಸಲ್ಲ, ತಡ ಯಾಕಾಯ್ತು ಅಂತ ವಿಚಾರಿಸ್ತಾರೆ. ಆದ್ರೆ ನಿರ್ಧಾರ ಬದಲಾಯ್ಸೋ ಅಧಿಕಾರ ಅವರಿಗಿಲ್ಲ.

ನಿರ್ಧಾರ ಒಪ್ಪಿಗೆ ಇಲ್ಲ ಅಂದ್ರೆ ಅಬ್ಜೆಕ್ಷನ್ನೇ, ಅಂದ್ರೆ ಡಬ್ಲ್ಯುಎಸ್ಐಬಿಗೇ ಬರೆದು ಕೊಡೋ ಆಕ್ಷೇಪಣೆ, ಹಾಕ್ಬೇಕು, ನಿರ್ಧಾರ ಆದ್ಮೇಲೆ ಸಾಮಾನ್ಯವಾಗಿ ಆರು ತಿಂಗಳು ಟೈಮು, ವಾಪಸ್ ಕೆಲಸಕ್ಕೆ ಹೋಗೋ ವಿಷಯದ ನಿರ್ಧಾರ ಆದ್ರೆ ಬರೀ 30 ದಿನ. ದೂರು ಕೊಟ್ಟಿದೀನಲ್ಲ ಅಂತ ಸುಮ್ನೆ ಕಾಯ್ತಾ ಕೂತ್ರೆ ಈ ದಿನ ಕಳ್ದೋಗತ್ತೆ, ಎರಡನ್ನೂ ಜೊತೆಜೊತೆಗೇ ನಡೆಸಿ. ಯೂನಿಯನ್ ಇರೋರು ಯೂನಿಯನ್ ಹತ್ರ ಹೋಗಿ, ಇಲ್ಲದವ್ರಿಗೆ ಆಫೀಸ್ ಆಫ್ ದ ವರ್ಕರ್ ಅಡ್ವೈಸರ್ ಫ್ರೀಯಾಗಿ ಸಲಹೆ ಕೊಡತ್ತೆ. ಅಬ್ಜೆಕ್ಷನ್ನಲ್ಲೂ ಸೋತ್ರೆ ಮೇಲ್ಮನವಿ ಕೇಳೋ ಬೇರೆ ಟ್ರಿಬ್ಯುನಲ್ ಇದೆ.

ಒಂದು ನೋಟ್‌ಬುಕ್ ಇಟ್ಕೊಳ್ಳಿ. ಯಾವತ್ತು ಫೋನ್ ಮಾಡಿದ್ರಿ, ಯಾರು ಎತ್ತಿದ್ರು, ಏನಂದ್ರು, ಅವತ್ತೇ ಬರೀರಿ, ಕನ್ನಡದಲ್ಲೇ ಬರೀರಿ ಪರವಾಗಿಲ್ಲ. ಲೆಟರ್ ಬಂದು ಅರ್ಥ ಆಗ್ಲಿಲ್ಲ ಅಂದ್ರೆ ಡ್ರಾಯರಲ್ಲಿ ಇಡ್ಬೇಡಿ, ಅದನ್ನೂ ಡಾಕ್ಟರ್ ಪೇಪರನ್ನೂ ಆ ನೋಟ್‌ಬುಕ್ಕನ್ನೂ ತಗೊಂಡು ನಮ್ಮ ಕನ್ನಡ ಸಂಘದ ಯಾವ ಮೀಟಿಂಗಿಗಾದ್ರೂ ಬನ್ನಿ, ಕೂತು ಒಟ್ಟಿಗೇ ಓದೋಣ.