ತೂಕದ ಮಷಿನ್ ಜೊತೆ ಸ್ಪೇನ್‌ಗೆ

ನನ್ನ ಕಿಟ್ ಬ್ಯಾಗಿನಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ತೂಕದ ಮಷಿನ್. ಶಿವಾಜಿನಗರದಲ್ಲಿ ಕೊಂಡದ್ದು. ಅದು ಸ್ಪೇನ್ ನೋಡಿದೆ, ಥಾಯ್ಲೆಂಡ್ ನೋಡಿದೆ. ಪ್ರೀ-ಸೀಸನ್ ಕ್ಯಾಂಪ್‌ಗೆ, ಅಂದರೆ ಸೀಸನ್‌ಗೆ ಮುಂಚಿನ ತಯಾರಿಗೆ, ವಿದೇಶಕ್ಕೆ ಹೋದರೆ ಫುಟ್‌ಬಾಲ್ ತಂಡಕ್ಕೆ ನಿಜವಾಗಿ ಏನಾದರೂ ಸಿಗುತ್ತದಾ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅದೇ.

ನಾನು ಬೆಂಗಳೂರಿನ ಆಸ್ಟಿನ್ ಟೌನ್ ಹುಡುಗ. ಮಣ್ಣಿನ ಗ್ರೌಂಡಿನಲ್ಲಿ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಫಿಟ್‌ನೆಸ್ ಟ್ರೈನರ್ ಕೆಲಸಕ್ಕೆ ಬಂದವನು. ಫುಟ್‌ಬಾಲಿನ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನ ಒಂದು ತಂಡದಲ್ಲಿದ್ದೆ, ಹೆಸರು ಬೇಡ. ಆಗಸ್ಟ್‌ನಲ್ಲಿ ಸ್ಪೇನಿನ ಮುರ್ಸಿಯಾ ಕಡೆ ಕ್ಯಾಂಪ್ ಅಂತ ಗೊತ್ತಾದಾಗ ಆಟಗಾರರಿಗಿಂತ ಜಾಸ್ತಿ ಕುಣಿದಾಡಿದ್ದು ನಾನೇ.

ಮೊದಲ ಮೂರು ದಿನ ಸುಮ್ನೆ ಹೋಯಿತು. ಎರಡು ವಿಮಾನ, ಆಮೇಲೆ ಬಸ್. ಇಳಿದಾಗ ಅರ್ಧ ತಂಡದ ಕಣಕಾಲು ಊದಿಕೊಂಡಿತ್ತು. ಬೇಸಿಗೆಯಲ್ಲಿ ಸ್ಪೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಹೋಟೆಲಿನಲ್ಲಿ ರಾತ್ರಿ ಊಟ ಶುರುವಾಗುವುದೇ ಒಂಬತ್ತಕ್ಕೆ. ಅಂದರೆ ನಮ್ಮ ಹುಡುಗರ ಹೊಟ್ಟೆಯ ಲೆಕ್ಕದಲ್ಲಿ ರಾತ್ರಿ ಹನ್ನೆರಡೂವರೆ! ಒಬ್ಬ ಡಿಫೆಂಡರ್ ಸೂಪಿನ ಬಟ್ಟಲ ಮುಂದೆ ಕೂತಲ್ಲೇ ನಿದ್ದೆಹೋದ. ಬೆಳಗಿನ ಜಾವ ನಾಲ್ಕಕ್ಕೆ ಅದೇ ಹುಡುಗ ಕಾರಿಡಾರಿನಲ್ಲಿ ಓಡಾಡಿಕೊಂಡು ಅಮ್ಮನಿಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಅಡುಗೆಯವರನ್ನು ಕಾಡಿ ಬೇಡಿ ಊಟವನ್ನು ಏಳೂವರೆಗೆ ತಂದ ಮೇಲೆ ಎಲ್ಲ ಸ್ವಲ್ಪ ಸರಿಹೋಯಿತು.

ನಾಲ್ಕನೇ ದಿನ ತಪ್ಪು ಮಾಡಿದ್ದು ನಾನೇ. ಸಂಜೆಯ ತಣ್ಣನೆ ಗಾಳಿ, ಕಾರ್ಪೆಟ್ ಹಾಸಿದಂಥ ಹುಲ್ಲು. ಹುಡುಗರು ಹಾರಾಡುತ್ತಿದ್ದರು. ಇನ್ನೂ ನಾಲ್ಕು ಸ್ಪ್ರಿಂಟ್ ಹಾಕಿ ಅಂದೆ. ಹಾಕಿದರು. ಮರುದಿನ ಇಬ್ಬರು ತೊಡೆಯ ಹಿಂಭಾಗ ಹಿಡಿದುಕೊಂಡು ಫಿಸಿಯೊ ಟೇಬಲ್ ಮೇಲೆ. ಗ್ರೌಂಡ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಪ್ರಯಾಣದ ಸುಸ್ತು ಇಳಿದಿರುವುದಿಲ್ಲ. ಆಟಗಾರರ ಓಟ ಅಳೆಯುವ ಜಿಪಿಎಸ್ ಬನಿಯನ್‌ನ ಅಂಕಿಗಳು ಅದನ್ನೇ ಹೇಳುತ್ತಿದ್ದವು, ನಾನು ನೋಡಲಿಲ್ಲ ಅಷ್ಟೆ.

ಹಾಗಂತ ಏನೂ ಸಿಗಲಿಲ್ಲ ಅನ್ನುವಂತಿಲ್ಲ. ಅಲ್ಲಿನ ಕೆಳಗಿನ ಡಿವಿಷನ್ ತಂಡವೊಂದರ ಜೊತೆ ಅಭ್ಯಾಸ ಪಂದ್ಯ ಆಡಿದೆವು. ಆಟಕ್ಕೆ ಮುಂಚೆ ಹುಲ್ಲಿಗೆ ನೀರು ಹೊಡೆಯುತ್ತಾರೆ, ಬಾಲ್ ಜಾರಿಕೊಂಡು ಬರುತ್ತದೆ. ಮೊದಲ ಇಪ್ಪತ್ತು ನಿಮಿಷ ನಮ್ಮವರಿಗೆ ಬಾಲ್ ಸಿಕ್ಕಿದ್ದೇ ಕಡಿಮೆ. ಪಂದ್ಯ ಮುಗಿದ ಮೇಲೆ ನಮ್ಮ ಮಿಡ್‌ಫೀಲ್ಡರ್ ಐಸ್ ಚೀಲ ಕಟ್ಟಿಕೊಳ್ಳುತ್ತಾ, 'ಅಣ್ಣ, ಬಾಲ್ ಕಾಲಿಗೆ ಬರೋ ಮೊದಲೇ ಎರಡು ಸಲ ಹಿಂದೆ ನೋಡ್ತಾರೆ ಅವ್ರು' ಅಂದ. ನಾವು ಇದನ್ನು ಎಷ್ಟು ವರ್ಷ ಬಾಯಿ ಬಡಿದುಕೊಂಡಿದ್ದೆವೋ! ಅವನು ಅದನ್ನು ಕಲಿತದ್ದು ಆ ಒಂದು ಸೋಲಿನಲ್ಲಿ.

ಇನ್ನೊಂದು ಲಾಭ ತಟ್ಟೆಯದು. ಬೆಂಗಳೂರಿನಲ್ಲಿ ಪ್ರಾಕ್ಟೀಸ್ ಮುಗಿಸಿ ಹುಡುಗರು ಬೈಕ್ ಹತ್ತಿದರೆ ಮುಗಿಯಿತು. ಏನು ತಿಂದರು, ಎಷ್ಟು ಹೊತ್ತಿಗೆ ಮಲಗಿದರು, ದೇವರಿಗೇ ಗೊತ್ತು. ಕ್ಯಾಂಪಿನಲ್ಲಿ ಮೂರು ಹೊತ್ತೂ ನನ್ನ ಕಣ್ಣೆದುರೇ ಊಟ. ನಮ್ಮ ಸ್ಟ್ರೈಕರ್ ಬೆಳಗ್ಗೆ ಏನೂ ತಿನ್ನದೆ ಬರುತ್ತಾನೆ ಅನ್ನುವುದು ನನಗೆ ಗೊತ್ತಾಗಿದ್ದೇ ಅಲ್ಲಿ. ಆದರೆ ಇದಕ್ಕೆ ಸ್ಪೇನೇ ಬೇಕಾ? ಬಳ್ಳಾರಿ ಹತ್ತಿರ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅನ್ನುವ ಕ್ರೀಡಾ ತರಬೇತಿ ಕೇಂದ್ರದಲ್ಲಿ ಬೆಂಗಳೂರು ಎಫ್‌ಸಿ ಕ್ಯಾಂಪ್ ಮಾಡಿದೆ. ಮೈದಾನ, ಜಿಮ್, ಊಟ, ರೂಮು ಎಲ್ಲ ಒಂದೇ ಆವರಣದಲ್ಲಿ. ಪಾಸ್‌ಪೋರ್ಟ್ ಬೇಡ.

ಈಗ ತೂಕದ ಮಷಿನ್ ವಿಷಯ. ಪ್ರಾಕ್ಟೀಸ್‌ಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಬೆವರು ಒರೆಸಿಕೊಂಡು ಇನ್ನೊಂದು ಸಲ, ಚಡ್ಡಿಯಲ್ಲೇ ಹತ್ತಬೇಕು. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಮ್ಮಿ ಒಂದು ಲೀಟರ್ ಬೆವರು ಹೋಗಿದೆ ಅಂತ. ಎಪ್ಪತ್ತು ಕಿಲೋ ಆಟಗಾರ ಒಂದೂವರೆ ಕಿಲೋ ಕಳೆದುಕೊಂಡರೆ ಕಾಲು ಭಾರವಾಗುತ್ತದೆ, ತಲೆಯೂ ನಿಧಾನವಾಗುತ್ತದೆ. ಮುರ್ಸಿಯಾದ ಒಣ ಬಿಸಿಲಿನಲ್ಲಿ ಬೆವರು ಬಂದಹಾಗೆ ಆರಿಹೋಗುತ್ತಿತ್ತು, ಮೈ ತಣ್ಣಗಾಗುತ್ತಿತ್ತು. ಸಂಜೆ ಪ್ರಾಕ್ಟೀಸಿನಲ್ಲಿ ಯಾರೂ ಒಂದು ಕಿಲೋಗಿಂತ ಜಾಸ್ತಿ ಇಳಿಯುತ್ತಿರಲಿಲ್ಲ. ನನ್ನ ನೋಟ್‌ಬುಕ್ ಸೊಗಸಾಗಿ ಕಾಣುತ್ತಿತ್ತು.

ವಾಪಸ್ ಬಂದವರೇ ಡ್ಯುರಾಂಡ್ ಕಪ್ ಟೂರ್ನಿಗೆ ಕೋಲ್ಕತ್ತಾಕ್ಕೆ. ಮಳೆ ನಿಂತ ಮಧ್ಯಾಹ್ನ. ಅಲ್ಲಿ ಬೆವರು ಆರುವುದಿಲ್ಲ, ಬರೀ ತೊಟ್ಟಿಕ್ಕುತ್ತದೆ. ನೀರು ಕುಡಿದ ಹುಲ್ಲು ಒಂದೊಂದು ಹೆಜ್ಜೆಗೂ ಕಾಲು ಹಿಡಿಯುತ್ತಿತ್ತು. ಅರುವತ್ತನೇ ನಿಮಿಷಕ್ಕೆ ರೈಟ್ ಬ್ಯಾಕ್ ಎರಡೂ ಮೀನಖಂಡ ಹಿಡಿದುಕೊಂಡು ಬಿದ್ದ. ಪಂದ್ಯದ ನಂತರ ಮಷಿನ್ ಮೇಲೆ ನಿಂತಾಗ ಮೂರು ಕಿಲೋ ಇಳಿದಿದ್ದ! ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಒಗ್ಗಿದ್ದನ್ನು ಬಿಟ್ಟುಕೊಡಲು ಕೆಲವೇ ವಾರ ಸಾಕು. ನಾವು ಆ ಹದಿನಾಲ್ಕು ದಿನವನ್ನೂ ಒಣ ಹವೆಯ ಊರಿನಲ್ಲಿ ಕಳೆದು ಬಂದಿದ್ದೆವು.

ಕ್ಯಾಂಪಿನಿಂದಲೇ ಟ್ರೋಫಿ ಬರುತ್ತದೆ ಅನ್ನುವವರಿಗೂ, ಕ್ಯಾಂಪಿನಿಂದಲೇ ಸೋತೆವು ಅನ್ನುವವರಿಗೂ ನಾನು 2018ರ ಬೆಂಗಳೂರು ಎಫ್‌ಸಿ ಕಥೆ ಹೇಳುತ್ತೇನೆ. ಆ ಸಲ ತಂಡ ಸ್ಪೇನ್‌ಗೆ ಹೋಗಿ ಬಾರ್ಸಿಲೋನಾ, ವಿಯಾರಿಯಲ್ ಕ್ಲಬ್‌ಗಳ ಬಿ ತಂಡಗಳ ಜೊತೆ ಆಡಿತ್ತು. ಅದೇ ಆಗಸ್ಟ್ 22ರಂದು ಕಂಠೀರವದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಪಂದ್ಯದಲ್ಲಿ ತುರ್ಕ್‌ಮೆನಿಸ್ತಾನದ ಆಲ್ತಿನ್ ಅಸೈರ್ ಎದುರು 2-3ರಿಂದ ಸೋತಿತು. 2019ರ ಮಾರ್ಚ್‌ನಲ್ಲಿ ಅದೇ ತಂಡ ಐಎಸ್‌ಎಲ್ ಗೆದ್ದಿತು. ಈಗ ಹೇಳಿ, ಸ್ಪೇನ್ ಪ್ರವಾಸವನ್ನು ಯಾವ ಲೆಕ್ಕಕ್ಕೆ ಬರೆಯೋಣ?

ನಮ್ಮ ತಂಡದಲ್ಲಿ ಮುಂದಿನ ಸೀಸನ್‌ಗೆ ಕ್ಯಾಂಪ್ ಎಲ್ಲಿ ಅಂತ ನನ್ನನ್ನೂ ಕೇಳಿದರು. ಹೊರಗೆ ಹೋಗುವುದೇ ಆದರೆ ಥಾಯ್ಲೆಂಡ್ ಅಂದೆ. ವಿಮಾನ ನಾಲ್ಕು ಗಂಟೆಯೊಳಗೆ ಮುಟ್ಟಿಸುತ್ತದೆ, ಗಡಿಯಾರ ಒಂದೂವರೆ ಗಂಟೆ ಮುಂದೆ ಅಷ್ಟೆ. ಅನ್ನ ಸಿಗುತ್ತದೆ. ಮುಖ್ಯವಾಗಿ ಸೆಕೆ ನಮ್ಮ ಕರಾವಳಿಯದ್ದೇ. ಮೊದಲ ಎರಡು ದಿನ ಬರೀ ನಡಿಗೆ, ಸೈಕಲ್, ಸ್ಟ್ರೆಚಿಂಗ್ ಅಂತ ಹಟ ಹಿಡಿದೆ. ಹೆಡ್ ಕೋಚ್ ಮುಖ ಗಂಟಿಕ್ಕಿದರೂ ಒಪ್ಪಿದರು. ಆ ಸಲ ತೊಡೆ ಹಿಡಿದುಕೊಂಡವರು ಯಾರೂ ಇಲ್ಲ.

ಅಲ್ಲಿ ಒಂದು ಸಂಜೆ ಯಾರು ಎಷ್ಟು ಕಿಲೋ ಇಳಿದರು ಅಂತ ಬರೆದುಕೊಳ್ಳುತ್ತಿದ್ದೆ. ಎರಡು, ಎರಡೂಕಾಲು, ಎರಡೂವರೆ. ನಮ್ಮ ಟೀಮ್ ಮ್ಯಾನೇಜರ್ ಮಂಗಳೂರಿನವರು. ಹಿಂದಿನಿಂದ ಬಗ್ಗಿ ನೋಡಿ, 'ಇದು ಕೊಚ್ಚಿಯ ಮ್ಯಾಚಿನ ಲೆಕ್ಕವೇ ಅಲ್ವಾ? ಹಾಗಾದ್ರೆ ಕೊಚ್ಚಿಗೇ ಹೋಗಬಹುದಿತ್ತಲ್ಲ ಮಾರಾಯ, ಇಷ್ಟು ಖರ್ಚು ಯಾಕೆ?' ಅಂದರು.

'ಹೋಗಬಹುದಿತ್ತು ಸರ್. ಆದ್ರೆ ಸೀಸನ್‌ಗೆ ಮುಂಚೆ ಅಲ್ಲಿ ನಮ್ಮ ಜೊತೆ ಆಡೋರು ಯಾರು? ಲೀಗ್ ತಂಡಗಳು ಒಬ್ಬರಿಗೊಬ್ಬರು ಗುಟ್ಟು ಬಿಟ್ಟುಕೊಡ್ತಾರಾ?'

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಚಪ್ಪಲಿ ಬಿಟ್ಟು ತಾವೂ ಮಷಿನ್ ಹತ್ತಿದರು. ಅವರ ತೂಕ ಮಾತ್ರ ನಾಲ್ಕು ಕಿಲೋ ಏರಿತ್ತು.