ಎಂಎಂಎ ಪಾಲಿಮರ್ ಆಗುವ ವೇಗ ಅಳೆಯುವುದು: ನನ್ನ ಅನುಭವ

ಮೀಥೈಲ್ ಮೆಥಾಕ್ರಿಲೇಟ್ (ಎಂಎಂಎ) ದ್ರವ, ಅದರ ಸಣ್ಣ ಅಣುಗಳು (ಮಾನೊಮರ್) ಸರಪಳಿಯಾಗಿ ಕೂಡಿ ಪಾಲಿಮರ್ ಆಗುತ್ತಾ, ಕುಗ್ಗುತ್ತದೆ. ಮಾನೊಮರ್‌ನ ಸಾಂದ್ರತೆ 0.94, ಪಾಲಿಮರ್‌ನದು 1.18, ಪೂರ್ತಿ ಪಾಲಿಮರ್ ಆದರೆ ಗಾತ್ರದಲ್ಲಿ ಐದನೇ ಒಂದು ಪಾಲು ಮಾಯ. ಈ ಕುಗ್ಗುವಿಕೆಯನ್ನೇ ಡೈಲಾಟೊಮೀಟರ್‌ನಲ್ಲಿ (ಕ್ಯಾಪಿಲರಿ ಎಂಬ ಸಪೂರ ಕೊಳವೆ ಕೂಡಿಸಿದ ಗಾಜಿನ ಬುರುಡೆ) ಹಿಡಿದು ಕ್ರಿಯೆಯ ವೇಗ ಅಳೆಯುವುದು ನನ್ನ ಕ್ರಮ. ಆಗಾಗ ಸ್ವಲ್ಪ ತೆಗೆದು ಮೆಥನಾಲ್‌ಗೆ ಸುರಿದು, ಬೇರ್ಪಟ್ಟ ಪಾಲಿಮರನ್ನು ಸೋಸಿ, ಒಣಗಿಸಿ ತೂಗುವವರೂ ಇದ್ದಾರೆ. ಮಂಗಳೂರಿನ ಹತ್ತಿರದ ಕೊಣಾಜೆಯಲ್ಲಿ ಮಳೆಗಾಲದ ಜುಲೈ ತಿಂಗಳಲ್ಲಿ ಏನನ್ನಾದರೂ ಒಣಗಿಸಿ ನೋಡಿದವರಿಗೆ ಆ ದಾರಿ ಏಕೆ ಬೇಡವೆಂದು ಬಿಡಿಸಿ ಹೇಳಬೇಕಿಲ್ಲ.

ಬಾಟಲಿಯ ಮಾನೊಮರ್‌ಗೆ, ತಾನಾಗಿ ಪಾಲಿಮರ್ ಆಗದಿರಲೆಂದು, ಹೈಡ್ರೊಕ್ವಿನೋನ್ ಬೆರೆಸಿರುತ್ತಾರೆ. ಅದನ್ನು ತೆಗೆಯಲು ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣದಿಂದ, ಕೆಳಪದರದ ಕಂದು ಬಣ್ಣ ಹೋಗುವವರೆಗೂ ತೊಳೆಯುತ್ತೇನೆ. ಆಮೇಲೆ ನೀರಿನಿಂದ ತೊಳೆದು, ಸೋಡಿಯಂ ಸಲ್ಫೇಟ್ ಹಾಕಿ ತೇವ ತೆಗೆದು, ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸುವುದು. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕಿನ ನೀರೇ ಬಿಸಿ. ಕಂಡೆನ್ಸರ್‌ಗೆ ಮಂಜುಗಡ್ಡೆಯ ನೀರೇ ಬೇಕು. ಬಿಸಿಗೆ ಒಡೆದು ಕ್ರಿಯೆ ಶುರು ಮಾಡುವ ಎಐಬಿಎನ್ ಎಂಬ ರಾಸಾಯನಿಕದ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ತೆರೆಯುವುದಿಲ್ಲ, ಗಾಳಿಯ ತೇವವೆಲ್ಲ ಹರಳಿನ ಮೇಲೆ ಬಂದು ಕೂರುತ್ತದೆ. ಕೊನೆಗೆ ಎಐಬಿಎನ್ ಬೆರೆಸಿದ ದ್ರವವನ್ನು ಹೆಪ್ಪುಗಟ್ಟಿಸಿ, ನಿರ್ವಾತಕ್ಕೆ ತೆರೆದು, ಮತ್ತೆ ಕರಗಿಸಿ ಆಮ್ಲಜನಕ ಹೊರಹಾಕುತ್ತೇನೆ. ಈ ಕೆಲಸದಲ್ಲಿ ಅವಸರ ಸಲ್ಲ.

ಡೈಲಾಟೊಮೀಟರನ್ನು 60 ಡಿಗ್ರಿಯ ನೀರಿಗೆ ಇಳಿಸಿದಾಗ ಕ್ಯಾಪಿಲರಿಯ ದ್ರವ ಮೊದಲು ಏರುತ್ತದೆ; ಬಿಸಿಗೆ ಹಿಗ್ಗುವುದಷ್ಟೇ. ನಂತರ ನಿಲ್ಲುತ್ತದೆ, ಆಮೇಲೆ ಇಳಿಯತೊಡಗುತ್ತದೆ. ನಿಂತಲ್ಲೇ ಬಹಳ ಹೊತ್ತು ನಿಂತಿತೆಂದರೆ ಆಮ್ಲಜನಕ ಉಳಿದಿದೆ, ಎಐಬಿಎನ್ ಒಡೆದು ಹುಟ್ಟಿದ ಚುರುಕು ತುಣುಕುಗಳಾದ ರ‍್ಯಾಡಿಕಲ್‌ಗಳನ್ನು ನುಂಗುತ್ತಿದೆ ಎಂದೇ ನನ್ನ ಲೆಕ್ಕ. ಇಳಿತ ನೇರ ಗೆರೆಯಾಗಿರುವ ಮೊದಲ ಭಾಗದಿಂದ ಮಾತ್ರ ವೇಗ ತೆಗೆಯುತ್ತೇನೆ, ಶೇ. 5ರಿಂದ 10ರಷ್ಟು ಪರಿವರ್ತನೆಯ ಒಳಗೆ. ಮುಂದೆ ದ್ರವ ಮಂದವಾಗುತ್ತದೆ. ಬೆಳೆಯುವ ಸರಪಳಿಗಳ ತುದಿಗಳು ಒಂದನ್ನೊಂದು ಸಂಧಿಸಿ ಕೊನೆಗೊಳ್ಳುವುದು ಕಷ್ಟವಾಗಿ ವೇಗ ತಾನಾಗಿ ಏರಿಬಿಡುತ್ತದೆ.

ಎಐಬಿಎನ್ ನಾಲ್ಕು ಪಟ್ಟಾದರೆ ವೇಗ ಎರಡೇ ಪಟ್ಟು, ಏಕೆಂದರೆ ಸರಪಳಿ ಮುಗಿಯಲು ಎರಡು ರ‍್ಯಾಡಿಕಲ್‌ಗಳು ಎದುರಾಗಬೇಕು. ವೇಗ ಮತ್ತು ಎಐಬಿಎನ್ ಪ್ರಮಾಣಗಳ ಲಾಗ್ ನಕ್ಷೆಯ ಓಟ (ಗೆರೆಯ ಇಳಿಜಾರು) 0.5ರ ಆಸುಪಾಸು ಬಂದರೆ ನನಗೆ ಸಾಕು. 0.500 ಎಂದು ಬರೆದ ವರದಿ ಕಂಡರೆ ಗುಮಾನಿಯೇ ಹೆಚ್ಚು.

ಮಳೆಗಾಲದಲ್ಲಿ ಕರೆಂಟಿನದೇ ಚಿಂತೆ. ಬಾತ್ (ಬಿಸಿನೀರಿನ ತೊಟ್ಟಿ) ಅರ್ಧ ಡಿಗ್ರಿ ತಣಿದರೂ ದ್ರವ ಕುಗ್ಗಿ, ಪಾಲಿಮರ್ ಆದಂತೆಯೇ ಕಾಣುತ್ತದೆ. ಅದಕ್ಕಾಗಿ ಬರೀ ಟೊಲ್ವೀನ್ ತುಂಬಿದ ಇನ್ನೊಂದು ಡೈಲಾಟೊಮೀಟರನ್ನು ಪಕ್ಕದಲ್ಲೇ ಮುಳುಗಿಸಿಡುತ್ತೇನೆ. ಅದೂ ಇಳಿದಿದ್ದರೆ ಆ ಹೊತ್ತಿನ ರೀಡಿಂಗ್‌ಗಳನ್ನು ನಕ್ಷೆಗೆ ಹಾಕುವುದಿಲ್ಲ.