ಮೊದಲು ನಕ್ಷೆ, ಆಮೇಲೆ ಅರ್ಜಿ: ಕಾರ್ಖಾನೆಯ ಮಳೆನೀರಿಗೆ ಪರ್ಮಿಟ್ ಪಡೆದ ಬಗೆ

ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರದ ಲೈಸೆನ್ಸ್ ಪಡೆಯುವಾಗ, ನವೀಕರಿಸುವಾಗ ಎಸ್‌ಐಸಿ ಕೋಡ್, ಅಂದರೆ ಯಾವ ಬಗೆಯ ಉದ್ಯಮ ಎಂದು ಹೇಳುವ ಸಂಖ್ಯೆ, ಕೇಳುತ್ತಾರೆ. ಆ ಕೋಡ್ ಮಳೆನೀರಿನ ಪಟ್ಟಿಯಲ್ಲಿದ್ದರೆ, ಅಂಗಳದಿಂದ ಹರಿದುಹೋಗುವ ಮಳೆನೀರಿನ ಪರ್ಮಿಟ್ಟಿಗೆ ನೋಂದಾಯಿಸಿದ್ದಕ್ಕೆ ಪುರಾವೆ ತೋರಿಸಬೇಕು. 2020ರ ಜನವರಿಯಿಂದ ಜಾರಿಗೆ ಬಂದ ಎಸ್‌ಬಿ 205 ಕಾನೂನು ಇದು. ನಮ್ಮದು ಸ್ಯಾನ್ ಹೋಸೆಯಲ್ಲಿ ತಗಡು ಕತ್ತರಿಸಿ, ಬಾಗಿಸಿ, ಬೆಸೆಯುವ ಕೆಲಸ, ಕೋಡ್ 3444. ಅನ್ವಯಿಸುವುದು 2015ರ ಜುಲೈ 1ರಿಂದ ಜಾರಿಯಲ್ಲಿರುವ ರಾಜ್ಯದ ಕೈಗಾರಿಕಾ ಸಾಮಾನ್ಯ ಪರ್ಮಿಟ್. ಜಾಗ ಬಾಡಿಗೆಯದಾದರೂ ಪರ್ಮಿಟ್ ಪಡೆಯಬೇಕಾದವರು ಕೆಲಸ ನಡೆಸುವವರೇ.

ಅರ್ಜಿ ತುಂಬುವುದು ಕಷ್ಟವಲ್ಲ. ಅಂಗಳದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ತಿಳಿಯದೆ ತುಂಬಿದರೆ ಮಾತ್ರ ಮುಂದಿನದೆಲ್ಲ ತಪ್ಪುತ್ತದೆ. ಅದಕ್ಕೇ ನಾವು ನಕ್ಷೆಯಿಂದ ಶುರು ಮಾಡಿದೆವು. ಮಳೆ ಸುರಿಯುವಾಗ ಅಂಗಳ ಸುತ್ತಿ, ಮಾಡಿನ ಕೊಳವೆಗಳು ಎಲ್ಲಿ ಇಳಿಯುತ್ತವೆ, ಮಳೆಚರಂಡಿಯ ಯಾವ ಜಾಲರಿಗೆ ಯಾವ ಭಾಗದ ನೀರು ಬೀಳುತ್ತದೆ, ಪಕ್ಕದವರ ನೀರು ನಮ್ಮಲ್ಲಿಗೆ ಬರುತ್ತದೆಯೇ ಎಂದು ಕಾಗದದ ಮೇಲೆ ಬಾಣ ಹಾಕಿಕೊಂಡೆವು. ಬೇಸಿಗೆಯಲ್ಲಿ ಪೈಪು ಹಿಡಿದು ನೀರು ಬಿಟ್ಟು ನೋಡಬೇಡಿ. ಅಂಗಳ ತೊಳೆದ ನೀರು ಮಳೆಚರಂಡಿಗೆ ಇಳಿದರೆ ಅದೇ ಉಲ್ಲಂಘನೆ. ಒಳಚರಂಡಿಯ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಮಳೆಚರಂಡಿಯದು ಹಾಗಲ್ಲ. ಇಲ್ಲಿನ ಜಾಲರಿಗೆ ಬಿದ್ದದ್ದು ಗ್ವಾಡಲೂಪೆ ನದಿಗೋ ಕಯೋಟಿ ತೊರೆಗೋ ಸೇರಿ, ಶುದ್ಧವಾಗದೆ ನೇರ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಹೋಗುತ್ತದೆ.

ಅದೇ ನಕ್ಷೆಯಲ್ಲಿ ಮಳೆಗೆ ತೆರೆದಿರುವುದನ್ನೆಲ್ಲ ಗುರುತಿಸಿದೆವು: ಗುಜರಿ ತೊಟ್ಟಿ, ಹೊರಗೆ ಪೇರಿಸಿದ ಕಚ್ಚಾ ತಗಡು, ಎಣ್ಣೆಯ ಪೀಪಾಯಿ, ಸರಕು ಇಳಿಸುವ ಕಟ್ಟೆ, ಫೋರ್ಕ್‌ಲಿಫ್ಟ್ ಓಡಾಡುವ ದಾರಿ. ಎಲ್ಲವನ್ನೂ ಸೂರಿನಡಿ ತರಲು ಆಗುವುದಾದರೆ ಎನ್‌ಇಸಿ, ಅಂದರೆ ‘ಮಳೆಗೆ ಏನೂ ತೆರೆದಿಲ್ಲ’ ಎಂಬ ದೃಢೀಕರಣ ಸಾಕು. ಪರೀಕ್ಷೆಗೆ ಮಳೆನೀರಿನ ಮಾದರಿ ತೆಗೆಯುವ ಕೆಲಸವೇ ಇರುವುದಿಲ್ಲ, ಆದರೆ ವರ್ಷವರ್ಷವೂ ದೃಢೀಕರಿಸಬೇಕು. ಮುಚ್ಚಳವಿಲ್ಲದ ಒಂದೇ ಒಂದು ಗುಜರಿ ತೊಟ್ಟಿ ಹೊರಗಿದ್ದರೂ ಅದು ಸುಳ್ಳು ದೃಢೀಕರಣ. ನಮ್ಮ ತೊಟ್ಟಿಯನ್ನು ಒಳಗೆ ತರಲು ಜಾಗವಿರಲಿಲ್ಲ, ಹಾಗಾಗಿ ಪೂರ್ಣ ಪರ್ಮಿಟ್ಟಿಗೇ ಹೋದೆವು.

ಅರ್ಜಿ ಸಲ್ಲಿಸುವುದು ರಾಜ್ಯ ಜಲ ಮಂಡಳಿಯ ‘ಸ್ಮಾರ್ಟ್ಸ್’ ಜಾಲತಾಣದಲ್ಲಿ. ಎನ್‌ಓಐ (ಪರ್ಮಿಟ್ಟಿಗೆ ಒಳಪಡುತ್ತೇವೆ ಎಂಬ ಸೂಚನೆ) ಅರ್ಜಿ, ಜಾಗದ ನಕ್ಷೆ, ಮಾಲಿನ್ಯ ತಡೆ ಯೋಜನೆ, ಸಹಿ ಮಾಡಿದ ದೃಢೀಕರಣ, ವಾರ್ಷಿಕ ಶುಲ್ಕ ಇಷ್ಟೂ ಸೇರಬೇಕು. ಹೊಸ ಘಟಕವಾದರೆ ಕೆಲಸ ಶುರುವಾಗುವ ಕನಿಷ್ಠ 7 ದಿನ ಮೊದಲು. ನಿಜವಾದ ತಡೆ ಬರುವುದು ಸಹಿಯಲ್ಲಿ. ಕನ್ಸಲ್ಟೆಂಟ್ ಎಲ್ಲವನ್ನೂ ತುಂಬಬಹುದು, ದೃಢೀಕರಿಸುವಂತಿಲ್ಲ. ಕಾನೂನುಬದ್ಧ ಹೊಣೆ ಹೊತ್ತವರು, ಅಂದರೆ ಮಾಲೀಕರೋ ಕಂಪನಿಯ ಅಧಿಕಾರಿಯೋ, ತಮ್ಮದೇ ಖಾತೆ ತೆರೆದು, ಇ-ಸಹಿಯ ಒಪ್ಪಿಗೆ ಪತ್ರಕ್ಕೆ ಶಾಯಿಯಲ್ಲಿ ಸಹಿ ಹಾಕಿ ಕಳಿಸಬೇಕು. ಇದನ್ನು ಮೊದಲ ದಿನವೇ ಮಾಡಿ. ಶುಲ್ಕ ಕಟ್ಟಿ, ಕಾಗದಪತ್ರ ಒಪ್ಪಿಗೆಯಾದ ಮೇಲೆ ಡಬ್ಲ್ಯುಡಿಐಡಿ, ಅಂದರೆ ಘಟಕದ ಗುರುತಿನ ಸಂಖ್ಯೆ, ಬರುತ್ತದೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ನಮ್ಮ ಭಾಗದ್ದು 2 43ಐ ಎಂದು ಶುರುವಾಗುತ್ತದೆ: 2 ಎಂದರೆ ಕೊಲ್ಲಿ ಪ್ರದೇಶದ ಮಂಡಳಿ, 43 ಕೌಂಟಿ, ಐ ಕೈಗಾರಿಕೆ.

ಮಾಲಿನ್ಯ ತಡೆ ಯೋಜನೆಯನ್ನು ಇಲ್ಲಿ ‘ಸ್ವಿಪ್’ ಎನ್ನುತ್ತಾರೆ. ಬೇರೆ ಘಟಕದ್ದನ್ನು ನಕಲು ಮಾಡಿ ಹೆಸರು ಬದಲಿಸಿದ ಸ್ವಿಪ್ ತಪಾಸಣೆಯಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ, ಏಕೆಂದರೆ ಬಂದವರು ನಕ್ಷೆ ಕೈಯಲ್ಲಿ ಹಿಡಿದೇ ನಡೆಯುತ್ತಾರೆ. ನಮ್ಮದರಲ್ಲಿ ಪ್ರತಿ ಮೂಲದ ಎದುರಿಗೆ ಏನು ಮಾಡುತ್ತೇವೆ, ಎಷ್ಟು ದಿನಕ್ಕೊಮ್ಮೆ, ಯಾರು ಎಂದು ಬರೆದೆವು. ತೊಟ್ಟಿಗೆ ಮುಚ್ಚಳ, ಪೀಪಾಯಿಯ ಕೆಳಗೆ ಸೋರಿಕೆ ತಟ್ಟೆ, ಅಂಗಳ ಗುಡಿಸಲು ವ್ಯಾಕ್ಯೂಮ್ ಯಂತ್ರ. ಪೊರಕೆ ದಪ್ಪ ಚೂರನ್ನು ತೆಗೆದು ಸಣ್ಣ ಪುಡಿಯನ್ನು ಬಿಡುತ್ತದೆ. ಲೋಹ ಇರುವುದು ಆ ಪುಡಿಯಲ್ಲೇ.

ಇನ್ನು ಮಾದರಿ. ವರದಿ ವರ್ಷ ಜುಲೈ 1ರಿಂದ ಜೂನ್ 30. ಡಿಸೆಂಬರ್ 31ರೊಳಗೆ ಎರಡು ಮಳೆಯ ಮಾದರಿ, ಜನವರಿಯಿಂದ ಜೂನ್‌ವರೆಗೆ ಎರಡರದು. ನಮ್ಮೂರ ಮುಂಗಾರಿನ ಲೆಕ್ಕ ಇಲ್ಲಿ ನಡೆಯದು. ಬೇಸಿಗೆಯಿಡೀ ಒಣಗಿದ ಅಂಗಳದ ಮೇಲೆ ಮೊದಲ ಮಳೆ ಬೀಳುವುದು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ. ಅದನ್ನು ಬಿಟ್ಟರೆ ಮೊದಲರ್ಧದ ಎರಡು ಮಾದರಿ ಸಿಗುವುದು ಕಷ್ಟ. ಹಿಂದಿನ 48 ಗಂಟೆ ಯಾವ ಭಾಗದಿಂದಲೂ ನೀರು ಹೊರಹೋಗಿರಬಾರದು. ಹರಿವು ಶುರುವಾದ 4 ಗಂಟೆಯೊಳಗೆ ಬಾಟಲಿ ತುಂಬಬೇಕು. ಬಾಗಿಲು ತೆರೆಯುವ ಮುಂಚಿನ 12 ಗಂಟೆಯಲ್ಲಿ ಮಳೆ ಶುರುವಾಗಿದ್ದರೆ, ತೆರೆದ 4 ಗಂಟೆಯೊಳಗೆ.

ಸೆಪ್ಟೆಂಬರ್‌ನಲ್ಲೇ ರಾಜ್ಯದ ಮಾನ್ಯತೆಯಿರುವ ಲ್ಯಾಬಿನಿಂದ ಬಾಟಲಿ ತರಿಸಿ ಇಡಿ. ಎಣ್ಣೆ-ಜಿಡ್ಡಿನದು ಆಮ್ಲ ಹಾಕಿದ ಕಂದು ಗಾಜಿನ ಬಾಟಲಿ. ಅದನ್ನು ನೇರವಾಗಿ ಹರಿವಿಗೇ ಹಿಡಿಯಬೇಕು. ಬಕೆಟ್ಟಿನಿಂದ ಸುರಿದರೆ ಎಣ್ಣೆ ಬಕೆಟ್ಟಿಗೇ ಅಂಟಿ ಫಲಿತಾಂಶ ಸುಳ್ಳಾಗುತ್ತದೆ. ತುಂಬಿ ಚೆಲ್ಲಿದರೆ ಆಮ್ಲ ಹೋಗುತ್ತದೆ. ಜಾಲರಿಯ ಅಂಚಿನಲ್ಲಿ ನೀರು ಧುಮುಕುವ ಜಾಗದಲ್ಲಿ ಹಿಡಿಯಿರಿ. ತಳದ ಕೆಸರು ಕೆರೆದು ಬಂದರೆ ಕಬ್ಬಿಣ, ಅಲ್ಯುಮಿನಿಯಂ, ತೇಲು ಮಣ್ಣು ಮೂರೂ ಏರುತ್ತವೆ. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) ಅನ್ನು 15 ನಿಮಿಷದೊಳಗೆ ಅಲ್ಲೇ ನೋಡಬೇಕು. ಆರಂಭದ ಹಂತದಲ್ಲಿ ಪಿಎಚ್ ಕಾಗದ ನಡೆಯುತ್ತದೆ. ಉಳಿದದ್ದು ಐಸ್ ಪೆಟ್ಟಿಗೆಯಲ್ಲಿ, ಹಸ್ತಾಂತರದ ಚೀಟಿಯೊಂದಿಗೆ ಲ್ಯಾಬಿಗೆ. ಫಲಿತಾಂಶ ಕೈಸೇರಿದ 30 ದಿನದೊಳಗೆ ಸ್ಮಾರ್ಟ್ಸ್‌ಗೆ ಏರಿಸಬೇಕು.

ನಮ್ಮ ಕೋಡಿಗೆ ವರ್ಷದ ಸರಾಸರಿ ಮಿತಿಗಳು, ಲೀಟರಿಗೆ ಮಿಲಿಗ್ರಾಂನಲ್ಲಿ: ತೇಲು ಘನವಸ್ತು 100, ಎಣ್ಣೆ-ಜಿಡ್ಡು 15, ಸತು 0.26, ಕಬ್ಬಿಣ 1.0, ಅಲ್ಯುಮಿನಿಯಂ 0.75, ನೈಟ್ರೇಟ್-ನೈಟ್ರೈಟ್ 0.68. ಮೀರಿದರೆ ಅದೇ ಉಲ್ಲಂಘನೆಯಲ್ಲ, ಆದರೆ ಮೊದಲ ಹಂತಕ್ಕೆ ಏರುತ್ತೀರಿ: ಅಕ್ಟೋಬರ್ 1ರೊಳಗೆ ಕ್ಯೂಐಎಸ್‌ಪಿ, ಅಂದರೆ ಕೈಗಾರಿಕಾ ಮಳೆನೀರಿನ ತರಬೇತಿ ಪಡೆದ ತಜ್ಞರೊಬ್ಬರಿಂದ ಪರಿಶೀಲನೆ, ಜನವರಿ 1ರೊಳಗೆ ವರದಿ. ಆ ವರದಿ ಕೊಡದಿದ್ದರೆ ಉಲ್ಲಂಘನೆ.

ತಗಡಿನ ಕೆಲಸದವರನ್ನು ಕಾಡುವುದು ಸತು. ಮೂಲವನ್ನು ಯಂತ್ರದ ಬಳಿ ಹುಡುಕುತ್ತಾರೆ, ತಲೆಯೆತ್ತಿ ನೋಡಿ. ಬಣ್ಣವಿಲ್ಲದ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಮಾಡು, ಮಾಡಿನಂಚಿನ ನೀರಿನ ದೋಣಿ, ಬೇಲಿ ಎಲ್ಲವೂ ಸತು ಬಿಡುತ್ತವೆ. ಫೋರ್ಕ್‌ಲಿಫ್ಟ್ ಟೈರಿನ ಪುಡಿಯಲ್ಲೂ ಸತುವಿದೆ. ಮಾಡಿನ ಕೊಳವೆಯ ನೀರನ್ನೊಮ್ಮೆ ಬೇರೆಯಾಗಿ ಪರೀಕ್ಷಿಸಿದರೆ ಗೊತ್ತಾಗುತ್ತದೆ. ದೋಣಿಗೆ ಬಣ್ಣ ಹೊಡೆಸುವುದು ಫಿಲ್ಟರ್ ಕೂರಿಸುವುದಕ್ಕಿಂತ ಅಗ್ಗ.

ಇವಲ್ಲದೆ ಮಾಡಬೇಕಾದವು: ತಿಂಗಳಿಗೊಮ್ಮೆ ಮಳೆಯಿಲ್ಲದ ದಿನ ಹಗಲಲ್ಲಿ ಸುತ್ತಿ ನೋಡಿ ಬರೆದಿಡುವುದು, ಜುಲೈ 15ರೊಳಗೆ ವಾರ್ಷಿಕ ವರದಿ, 5 ವರ್ಷ ದಾಖಲೆ ಇಟ್ಟುಕೊಳ್ಳುವುದು. ಜಾಗ ಬದಲಿಸಿದರೆ ಪರ್ಮಿಟ್ ಜೊತೆಗೆ ಬರುವುದಿಲ್ಲ: ಹಳೆಯದಕ್ಕೆ ಎನ್‌ಓಟಿ (ಪರ್ಮಿಟ್ ಮುಗಿಸುವ ಸೂಚನೆ) ಹಾಕಿ, ಹೊಸ ಅಂಗಳಕ್ಕೆ ಹೊಸ ನಕ್ಷೆ, ಹೊಸ ಎನ್‌ಓಐ. ಎನ್‌ಓಟಿ ಒಪ್ಪಿಗೆಯಾಗುವವರೆಗೂ ಹಳೆಯ ಜಾಗದ ಶುಲ್ಕ ಬರುತ್ತಲೇ ಇರುತ್ತದೆ.